ಹತ್ತಿ ಒತ್ತಿ ಹಿಡಿದ ಹೊತ್ತು

ಹಿಮ್ಮಡಿಗೆ ಸೂಜಿ ತಾಗಿಸಿದ್ದು ಒಂದೇ ಗಳಿಗೆ.
ಹತ್ತಿಯಿಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದದ್ದು
ಗೋಡೆ ಗಡಿಯಾರದಲ್ಲಿ ಹದಿನೇಳು ನಿಮಿಷ.
ಚಿಕ್ಕಬಳ್ಳಾಪುರದ ಈ ಲ್ಯಾಬಿನಲ್ಲಿ
ನನಗಿದು ಇಪ್ಪತ್ತೆರಡನೇ ವರ್ಷ;
ಇಷ್ಟು ಚಿಕ್ಕ ಕಾಲನ್ನು ಇಷ್ಟು ಹೊತ್ತು ಹಿಡಿದಿರಲಿಲ್ಲ.

ಮುಬೀನಾ. ಹನ್ನೊಂದು ವಾರ.
ತೊಡೆಯ ಮೇಲೆ ನೇರಳೆ ಬಣ್ಣದ ಗಡ್ಡೆ,
ಮುಟ್ಟಿದರೆ ಬಿಸಿ, ಒತ್ತಿದರೆ ಕಲ್ಲು.
ಹುಟ್ಟು ಮಚ್ಚೆ ಎಂದಿದ್ದರಂತೆ ಮೊದಲು.

ಮಷೀನು ಒಂಬತ್ತು ಸಾವಿರ ಅಂದಿತು.
ನಂಬದೆ ಗಾಜಿನ ಮೇಲೆ ಹನಿ ಎಳೆದು, ಬಣ್ಣ ಹಾಕಿ
ಕಣ್ಣಿಟ್ಟೆ: ಕೆಂಪು ಕಣಗಳೂ ಅಲ್ಲಲ್ಲಿ ಹರಕು,
ನಡುವೆ ಇರಬೇಕಾದ ಪುಡಿಪುಡಿ ಚುಕ್ಕಿ
ಹತ್ತು ಕಡೆ ಹುಡುಕಿದರೆ ನಾಲ್ಕು.

ಅಪ್ಪ ನಸ್ರುಲ್ಲಾ, ಶಿಡ್ಲಘಟ್ಟದ ಬಿಚ್ಚಾಣಿಕೆಯವನು,
ಬಿಸಿನೀರಲ್ಲಿ ಬೆಂದ ಬೆರಳು. ತೋಳು ಮಡಚಿ ನಿಂತಿದ್ದ:
"ನಂದು ತಗೊಳ್ಳಿ. ಎಷ್ಟು ಬೇಕೋ ಅಷ್ಟು."
ಡಾಕ್ಟರಮ್ಮ ಬೇಡ ಎಂದರು.
ಪ್ಲೇಟ್‌ಲೆಟ್ ಕೊಟ್ಟಷ್ಟೂ ಆ ಗಡ್ಡೆಯೇ ಹಿಡಿದಿಡುತ್ತೆ,
ಹಿಡಿದಷ್ಟೂ ಊದುತ್ತೆ. ರಕ್ತ ಸುರಿದರೆ ಮಾತ್ರ ಕೊಡೋಣ.
ಅವನಿಗೆ ಅರ್ಥವಾಗಲಿಲ್ಲ. ನನಗೂ, ಓದಿ ಗೊತ್ತಿದ್ದರೂ.
ಕೊಡಲು ಬಂದ ಅಪ್ಪನಿಗೆ ಬೇಡ ಅನ್ನುವ ಕಾಯಿಲೆ
ಎಲ್ಲಿಯದು?
ಬಾಗಿಲವರೆಗೆ ಹೋಗಿ ತಿರುಗಿ ಬಂದು ಅಂದ:
"ರಾಟೆಯಲ್ಲಿ ಎಳೆ ಸಿಕ್ಕಾದಂಗೆ, ಅಲ್ವಾ ಮೇಡಂ?
ಇನ್ನಷ್ಟು ಗೂಡು ಸುರಿದ್ರೆ ಸಿಕ್ಕೇ ದಪ್ಪ ಆಗೋದು.
ಮೊದ್ಲು ರಾಟೆ ನಿಲ್ಲಿಸ್ಬೇಕು."

ಬೆಂಗಳೂರಲ್ಲಿ ಇಪ್ಪತ್ತು ದಿನ ಇದ್ದು
ರಾಟೆ ನಿಲ್ಲಿಸುವ ಔಷಧಿಯನ್ನು ಐಸ್ ಡಬ್ಬದಲ್ಲಿ ತಂದರು.
ಅರ್ಧ ಎಂಎಲ್ಲಿಗೂ ಕಡಿಮೆ, ದಿನಕ್ಕೆರಡು ಸಲ.
ಮನೆಯಲ್ಲಿ ಫ್ರಿಜ್ ಇಲ್ಲ;
ಗೋಲಿಸೋಡದ ಅಂಗಡಿ ಪಿಳ್ಳಪ್ಪ
ಮೇಲಿನ ಹಲಗೆ ಖಾಲಿ ಮಾಡಿಕೊಟ್ಟು
ಚೀಟಿ ಅಂಟಿಸಿದ್ದಾನೆ: ಮಗೂದು. ಯಾರೂ ಮುಟ್ಟಬೇಡಿ.

ಮಂಗಳವಾರ ಮಂಗಳವಾರ ಬರುತ್ತಾರೆ, ಏಳೂಕಾಲರ ಬಸ್ಸಿಗೆ.
ಹನ್ನೊಂದು ಸಾವಿರ. ಎಂಟು. ಹದಿನಾಲ್ಕು.
ಒಂದು ವಾರ ಜ್ವರ, ಬರಲಿಲ್ಲ;
ಅವತ್ತು ಯಾರ ಸಕ್ಕರೆ ಯಾರ ಹೆಸರಿಗೆ ಬರೆದೆನೋ.
ಆಮೇಲೆ ಮೂವತ್ತೊಂದು.
ಗಡ್ಡೆ ಇನ್ನೂ ಇದೆ. ಬಣ್ಣ ಮಾತ್ರ
ನೇರಳೆ ಹಣ್ಣು ತಿಂದ ಮಾರನೇ ದಿನದ ನಾಲಿಗೆಯಷ್ಟು ತಿಳಿ.
ವಾಸಿ ಎಂಬ ಮಾತು ಯಾರ ಬಾಯಲ್ಲೂ ಬಂದಿಲ್ಲ.

ಈ ಮಂಗಳವಾರ
ಚುಚ್ಚಿದೆ, ಹತ್ತಿಯಿಟ್ಟೆ, ಗಡಿಯಾರ ನೋಡಿದೆ.
ಮಷೀನು ಇನ್ನೂ ಏನೂ ಹೇಳಿರಲಿಲ್ಲ.
ಮುಬೀನಾ ಕಾಲು ಝಾಡಿಸಿದಳು, ಮತ್ತೆ ಝಾಡಿಸಿದಳು.
ಅವಳ ತಾಯಿ ನನ್ನ ಕೈ ಮುಟ್ಟಿ, ಮೆಲ್ಲಗೆ:
"ನಿಂತೋಯ್ತು ಮೇಡಂ,
ಆಗ್ಲೇ ನಿಂತೋಯ್ತು. ಬಿಡಿ."