ಪೆನ್ಸಿಲಿನಲ್ಲಿ ಬರೆದದ್ದು

ಆರುನೂರ ಹನ್ನೆರಡು ಗೆಲುವು ಎಂದು
ಜಿಮ್ಮಿನ ಬಾಗಿಲಿಗೆ ಹಿತ್ತಾಳೆ ಫಲಕ ಹೊಡೆದಿದ್ದಾರೆ.
ನನ್ನ ಪುಸ್ತಕದಲ್ಲಿ ಇನ್ನೊಂದಿದೆ.
ಹಿಮಗಾಳಿಗೆ ಡಕೋಟಾ ಬಯಲಿನ ಕರೆಂಟೆಲ್ಲ ಹೋದ ರಾತ್ರಿ,
ಉಳಿದದ್ದು ಎರಡೇ ನಿಮಿಷ, ನಾವು ಒಂಬತ್ತು ಮುಂದೆ.
ಸಂಘದವರು ಆ ಆಟವನ್ನೇ ಲೆಕ್ಕದಿಂದ ಹೊಡೆದುಹಾಕಿದರು.
"ಹೋಗಲಿ ಬಿಡು ಆರ್ವಿಡ್," ಅಂದಳು ವರ್ಲಾ,
"ಹುಡುಗಿಯರಿಗೆ ಗೊತ್ತು."
ನಾನು ಬಿಡಲಿಲ್ಲ. ಸ್ಕೋರು ಬರೆಯುವವನಿಗೆ
ಬೇರೇನು ಬರುತ್ತದೆ?

ಎಪ್ಪತ್ತನಾಲ್ಕರಲ್ಲಿ ಬಂದಾಗ ಅವಳಿಗೆ ಇಪ್ಪತ್ತಾರು.
ಇದ್ದದ್ದು ನಾಲ್ಕು ಚೆಂಡು, ಒಂದರಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ.
ಸಂಜೆಯ ಅಂಕಣ ಗಂಡುಹುಡುಗರದ್ದು,
ಇವರಿಗೆ ಬೆಳಗಿನ ಐದೂವರೆ.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಒಳಗೆ ಮೂಗಿನಿಂದ ಹೊಗೆ ಬಿಡುವ ಹದಿಮೂರು ಹುಡುಗಿಯರು,
ವಾಲಿಬಾಲಿನವರ ಹಳೇ ಅಂಗಿ,
ಬೆನ್ನಿಗೆ ಪ್ಲಾಸ್ಟರ್ ಪಟ್ಟಿಯ ನಂಬರು.
ಬೆವರಿಗೆ ಪಟ್ಟಿ ಕಿತ್ತುಬಂದು
ಹದಿನಾಲ್ಕು ಬರೀ ಒಂದಾಗಿ,
ಆ ವರ್ಷದ ಎಷ್ಟೋ ಬಾಸ್ಕೆಟ್ಟು
ಯಾರ ಯಾರದೋ ಖಾತೆಗೆ ಜಮಾ ಆಗಿವೆ.

ವ್ಯಾನು ಓಡಿಸಿದ್ದು ಅವಳೇ. ಅಂಗಿ ಒಗೆದದ್ದೂ.
ಮೋಟೆಲಿನ ಒಂದು ಕೋಣೆಗೆ ಐದು ಜನ,
ಕಡಲೆಬೀಜದ ಬೆಣ್ಣೆ ಸವರಿದ ಬ್ರೆಡ್ಡು.
ಡೀನ್ ಮಹಾಶಯರ ಮೇಜಿನ ಮೇಲೆ ಪೆಟ್ರೋಲಿನ ರಸೀದಿ ಹರವಿ
ಒಂದು ಮಾತೂ ಆಡದೆ ನಿಂತಳಂತೆ,
ಅವರು ಸಹಿ ಹಾಕುವ ತನಕ.
ಮರುವರ್ಷ ಹೊಸ ಚೆಂಡು ಬಂದವು, ಹನ್ನೆರಡು.
ಅವತ್ತು ತಾಲೀಮು ನಡೆಯಲಿಲ್ಲ;
ಹುಡುಗಿಯರು ಚೆಂಡು ಮೂಸುತ್ತ ಕೂತಿದ್ದರು.

ಎಡಗೈ ಪಳಗಲೆಂದು
ತಿಂಗಳುಗಟ್ಟಲೆ ಎಡಗೈಲೇ ಉಣ್ಣಿಸಿದಳು.
ಈಗಲೂ ಹೆದ್ದಾರಿಯ ಹೋಟೆಲಿನಲ್ಲಿ
ಎಡಗೈಲಿ ಚಮಚ ಹಿಡಿದ ನಡುವಯಸ್ಸಿನ ಹೆಂಗಸು ಕಂಡರೆ
ಯಾವ ವರ್ಷದ ತಂಡ ಅಂತ ಕೇಳುತ್ತೇನೆ.

ಒಳ್ಳೆಯವಳು ಅಂತ ನಾನು ಬರೆಯುತ್ತಿಲ್ಲ.
ಸೋತ ರಾತ್ರಿ ವ್ಯಾನಿನಲ್ಲಿ
ಇನ್ನೂರು ಮೈಲಿ ಯಾರೂ ಕೆಮ್ಮುವಂತಿರಲಿಲ್ಲ.
ಟೊರಿನ್ ಎಂಬ ಹುಡುಗಿ, ತಂದೆ ತೀರಿದ ಎಂಟನೇ ದಿನ
ಮರಳಿ ಬಂದು ಮೂರು ಫ್ರೀ ಥ್ರೋ ತಪ್ಪಿದಳು;
ಎಲ್ಲರೆದುರು ಓಡಿಸಿದಳು ವರ್ಲಾ, ಗೋಡೆಯಿಂದ ಗೋಡೆಗೆ.
ಎಲ್ಲ ಹೋದ ಮೇಲೆ, ಅರೆಗತ್ತಲ ಅಂಕಣದಲ್ಲಿ
ಅವಳ ಪಕ್ಕ ತಾನೂ ಓಡಿದಳು.
ಕಂಡವನು ನಾನೊಬ್ಬನೇ.
ಒಂದರಲ್ಲಿ ಒಂದು ಕಳೆದರೆ ಏನು ಉಳಿಯುತ್ತದೋ
ನನಗೆ ಆ ಗಣಿತ ಬಾರದು.

ತೊಂಬತ್ತೊಂದರ ರಾಷ್ಟ್ರೀಯ ಕಪ್ಪಿನ ಮಾತು ಬಿಡಿ,
ಎಲ್ಲರಿಗೂ ಗೊತ್ತು. ಫೋಟೋದಲ್ಲಿ ಅವಳು
ಕಪ್ಪನ್ನಲ್ಲ, ಗಡಿಯಾರ ನೋಡುತ್ತಿದ್ದಾಳೆ.

ಕೊನೆಯ ಆಟ ನಾಲ್ಕು ಅಂಕದಲ್ಲಿ ಸೋತಳು.
ಹೂವು, ಭಾಷಣ, ಗವರ್ನರರ ಪತ್ರ ಎಲ್ಲ ಮುಗಿದು
ಮೇಜಿನ ಬಳಿ ಬಂದಳು, ಮೊಣಕಾಲು ಎಳೆಯುತ್ತ.
ಮೂವತ್ತೈದು ವರ್ಷದಲ್ಲಿ ಮೊದಲ ಸಲ
ಪುಸ್ತಕ ಕೇಳಿದಳು. ಕರೆಂಟು ಹೋದ ರಾತ್ರಿಯ ಪುಟವೇ
ಇರಬೇಕು ಅಂದುಕೊಂಡೆ.
ಅಲ್ಲ. "ಬ್ರಿಟಾ ಸ್ಕೋಗ್ಲಂಡ್," ಅಂದಳು,
"ಎಂಬತ್ತೆರಡರಿಂದ ನಾಲ್ಕು ವರ್ಷ. ಎಷ್ಟು ನಿಮಿಷ ಆಡಿಸಿದ್ದೆ?"
ಕೂಡಿಸಿ ಹೇಳಿದೆ: ಹನ್ನೊಂದು.
"ಒಂದು ದಿನವೂ ತಾಲೀಮು ತಪ್ಪಿಸಿರಲಿಲ್ಲ."
ಮತ್ತೇನೂ ಅನ್ನಲಿಲ್ಲ.
ಎಂದಿನಂತೆ ದೀಪದ ಗುಂಡಿ ತಾನೇ ಒತ್ತುತ್ತ ಹೋದಳು,
ನಾನಿನ್ನೂ ಕೂತೇ ಇದ್ದೆ,
ಬೆರಳು ಹನ್ನೊಂದರ ಮೇಲೆ.