ಒಂಟಿಕಿವಿಯ ಪಕ್ಷ

ಮೊದಲೇ ಹೇಳಿಬಿಡುತ್ತೇನೆ:
ಒಂಬತ್ತೂ ಪುಸ್ತಕ ಓದಿದ್ದೇನೆ, ಎರಡೆರಡು ಸಲ.
ಐದನೆಯದನ್ನು ಮಾತ್ರ ಒಂದೇ ಸಲ,
ಅದೂ ಸಿಟ್ಟಿನಲ್ಲಿ.

ದಕ್ಕೆಯ ಐಸ್ ಪ್ಲಾಂಟಿನಲ್ಲಿ ನನಗೆ ಬಿಲ್ಲು ಬರೆಯುವ ಕೆಲಸ.
ಬೆಳಗಿನ ಜಾವ ಬೋಟುಗಳು ಬರುವ ಮೊದಲು
ಹತ್ತು ನಿಮಿಷ ಸಿಗುತ್ತದೆ, ಒಂದು ಅಧ್ಯಾಯಕ್ಕೆ ಸಾಕು.
ನಾಲ್ಕನೆಯದರ ರಟ್ಟಿಗೆ ಇನ್ನೂ ಬೂತಾಯಿ ವಾಸನೆ ಉಂಟು.
ನೀರುನಾಯಿಗಳ ಕತೆಗೆ
ಅದಕ್ಕಿಂತ ಒಳ್ಳೆ ಅತ್ತರು ಯಾವುದು?

ಕತೆ ಗೊತ್ತಿಲ್ಲದವರಿಗೆ ಇಷ್ಟು:
ಅಳಿವೆಯಲ್ಲಿ ಮೂರು ಕುಲ,
ಕೆಸರುಗಾಲು, ಕಾಂಡ್ಲಗಡಿ, ಉಪ್ಪುಮೂಗು.
ಉಬ್ಬರಕ್ಕೊಂದು ಸಭೆ, ಇಳಿತಕ್ಕೊಂದು ಯುದ್ಧ,
ನಡುವೆ ಬೆಳ್ಳಿಮೀಸೆ ಎಂಬ ನಾಯಕ.
ಅವನ ಬಗ್ಗೆ ನನ್ನ ಅಭಿಪ್ರಾಯ:
ದೊಡ್ಡ ಬಾಯಿ. ಒದ್ದೆ ಮೈ. ಅಷ್ಟೆ.
ತಮ್ಮನನ್ನು ಬಲೆಯಲ್ಲಿ ಬಿಟ್ಟು ಓಡಿದವನು
ಮುಂದಿನ ಪುಸ್ತಕದಲ್ಲಿ ಅದನ್ನೇ ತ್ಯಾಗ ಅನ್ನುತ್ತಾನೆ.
ಓದುವವರು ಕಣ್ಣೊರೆಸಿಕೊಳ್ಳುತ್ತಾರೆ.
ನಾನು ಪುಟ ಹಿಂದೆ ತಿರುಗಿಸಿ
ಯಾರ ತ್ಯಾಗ ಮಾರಾಯ್ರೆ, ಅಂತ ಹುಡುಕುತ್ತೇನೆ.

ನನ್ನವಳು ಒಂಟಿಕಿವಿ.
ಕಾವಲಿನ ಮುದುಕಿ. ಕಲ್ಲಿನ ಮೇಲೆ ಕೂತು
ಮರಿಗಳನ್ನು ಎಣಿಸುವುದೊಂದೇ ಕೆಲಸ.
ಏಳು. ಏಳು. ಏಳು.
ಆರು.
ಆ ಪುಟದಲ್ಲಿದ್ದಾಗ ಲಾರಿಯವ ಹಾರ್ನ್ ಹೊಡೆದೇ ಹೊಡೆದ,
ನಾನು ಎದ್ದಿದ್ದರೆ ಕೇಳಿ.
ಅಂಥವಳನ್ನು ಐದನೆಯದರಲ್ಲಿ
ಅರ್ಧ ವಾಕ್ಯಕ್ಕೆ ಮುಗಿಸಿದ್ದಾರೆ:
"ಒಂಟಿಕಿವಿ ತೀರಿದ ಮೇಲೆ, ಬೆಳ್ಳಿಮೀಸೆ..."
ಒಂದು ಅಲ್ಪವಿರಾಮ!
ಅವಳ ಗೋರಿ ಅದು.

ಇನ್ನು ನಮ್ಮ ಜನ.
ಭಾನುವಾರ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಸೇರುತ್ತೇವೆ,
ಹನ್ನೊಂದು ಮಂದಿ, ಜಗಳವಾದ ವಾರ ಎಂಟು.
ದೋಣಿ ದಾಟಿ, ತಣ್ಣೀರುಬಾವಿಯ ಗಾಳಿಮರದಡಿ ಚರುಮುರಿ.
ಕುಲ ಹಂಚುವಾಗ ನನಗೆ ಬಿದ್ದದ್ದು ಉಪ್ಪುಮೂಗು,
ಅಂದರೆ ಕಳ್ಳರು, ಒಳಸಂಚಿನವರು, ಮೀನು ನಾರುವವರು.
"ನಿಮ್ಮ ಕೆಲಸಕ್ಕೆ ಸರಿಯಾಯ್ತು ಪ್ರಫುಲ್ಲಕ್ಕ," ಅಂದ ಅವಿಲ್,
ತಮಾಷೆಗೇ. ಎಲ್ಲರೂ ನಕ್ಕರು. ನಾನೂ.
ಮನೆಗೆ ಬಂದು ಕೈಗೆ ಲಿಂಬೆ ಉಜ್ಜಿಕೊಂಡದ್ದನ್ನು
ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಕರ್ಕೇರ ಮಾಸ್ಟ್ರು ತಪ್ಪುಗಳ ಲೆಕ್ಕ ಇಟ್ಟಿದ್ದಾರೆ:
ಎರಡನೆಯದರಲ್ಲಿ ಅಮಾವಾಸ್ಯೆಯ ರಾತ್ರಿ ನೆರಳು ಬಿದ್ದಿದೆ,
ಆರನೆಯದರಲ್ಲಿ ಸತ್ತವನೊಬ್ಬ ಸಿಗಡಿ ತಿನ್ನುತ್ತಾನೆ.
ಮಿಶ್ರಿಯಾ ಸತ್ತವರನ್ನೆಲ್ಲ ಎಬ್ಬಿಸಿ
ನೋಟ್‌ಬುಕ್ಕಿನಲ್ಲಿ ಮದುವೆ ಮಾಡಿಸುತ್ತಾಳೆ.
ನಿಜ ಹೇಳಲಾ? ಏಳನೆಯ ಪುಸ್ತಕಕ್ಕಿಂತ
ಅವಳ ನೋಟ್‌ಬುಕ್ಕೇ ಚೆಂದ.
ಅದರಲ್ಲಿ ಒಂಟಿಕಿವಿ
ಎಂಟರವರೆಗೂ ಎಣಿಸುತ್ತಾಳೆ.

ನನ್ನ ದೊಡ್ಡ ತಕರಾರು ಬೇರೆ.
ನೀರುನಾಯಿ ಮಾತಾಡುತ್ತದೆ, ಸರಿ. ಕೊಕ್ಕರೆ, ಆಮೆ,
ಏಡಿ ಕೂಡ ಒಮ್ಮೆ ಶಾಪ ಹಾಕುತ್ತದೆ.
ಮೀನು ಮಾತ್ರ ಒಂಬತ್ತು ಪುಸ್ತಕದಲ್ಲೂ ಮೂಕ.
ಮಾತು ಕೊಟ್ಟರೆ ಮತ್ತೆ ತಿನ್ನುವುದು ಹೇಗೆ ಅಂತ
ಬರೆದವರಿಗೆ ಹೆದರಿಕೆ ಆಗಿರಬೇಕು.
ದಿನಾ ಟನ್ನುಗಟ್ಟಲೆ ಬಂಗುಡೆಯ ಬಾಯಿ ನೋಡುವವಳು ನಾನು,
ಎಲ್ಲವೂ ತೆರೆದೇ ಇರುತ್ತವೆ,
ಎಂತದೋ ಅರ್ಧ ಹೇಳಿದ ಹಾಗೆ.
ಇದನ್ನು ಅಲ್ಲಿ ಹೇಳಿದೆ. "ಅಕ್ಕಾ, ಅದು ಕತೆ," ಅಂದ ಅವಿಲ್.
ಬೆಳ್ಳಿಮೀಸೆಗೆ ಗಾಯವಾದಾಗ ಎರಡು ದಿನ ಊಟ ಬಿಟ್ಟವನು!

ಕಳೆದ ತಿಂಗಳು ಕೂಳೂರು ಸಂಕದ ಹತ್ತಿರ ಬಸ್ಸು ಕೆಟ್ಟು ನಿಂತಾಗ
ನಿಜವಾದದ್ದನ್ನು ನೋಡಿದೆ.
ಕೆಸರಿನಲ್ಲಿ ಒದ್ದೆ ಕಂದು ತಲೆ, ಕೈಯಲ್ಲೊಂದು ಮುಗುಡು,
ತಲೆಯಿಂದಲೇ ಶುರು, ಕರುಂ ಕುರುಂ.
ಕುಲ ಹೇಳಲಿಲ್ಲ, ಆಣೆ ಹಾಕಲಿಲ್ಲ.
ಸಾಲ ಬಾಕಿಯವನ ಮುಖ ನೋಡುವ ಹಾಗೆ
ನನ್ನನ್ನೊಮ್ಮೆ ನೋಡಿ, ತಿನ್ನುವುದು ಮುಂದುವರಿಸಿತು.
ಕಿವಿ ಎಷ್ಟು ಅಂತ ಬಗ್ಗಿ ನೋಡಿದೆ. ದೂರ, ಕಾಣಲಿಲ್ಲ.
ಯಾರಿಗೂ ಹೇಳಿಲ್ಲ.
ಹೇಳಿದರೆ ಅದಕ್ಕೂ ಕುಲ ಹಂಚುತ್ತಾರೆ.

ಹತ್ತನೆಯದು ದೀಪಾವಳಿಗಂತೆ.
ನಾನೂರ ಎಂಬತ್ತು ರೂಪಾಯಿ, ಹಗಲು ದರೋಡೆ.
ಹಂಪನಕಟ್ಟೆಯಲ್ಲಿ ಮುಂಗಡ ಕೊಟ್ಟು ಬಂದಿದ್ದೇನೆ.
ಅಂಗಡಿಯವ ಹೆಸರು ಕೇಳಿದ.
ಉಪ್ಪುಮೂಗು, ಅಂದೆ.
ತಲೆ ಎತ್ತದೆ ಬರೆದುಕೊಂಡ, ಆಮೇಲೆ
"ಇನಿಶಿಯಲ್?" ಅಂದ.