ಎಂಟನೇ ಪುಟ, ಕೆಳಗಿನ ಮೂಲೆ

ತೀನ್ ಕಂದೀಲಿನ ಓಣಿಯಲ್ಲಿ ನಮ್ಮ ಪತ್ರಿಕೆ,
ಕೆಳಗೆ ಬಳೆ ಅಂಗಡಿ, ಮೇಲೆ ನಾವು.
ವಾರವೆಲ್ಲ ನನಗೆ ನಗರಸಭೆ, ಬಾರದ ನಲ್ಲಿ ನೀರು,
ಹತ್ತಿಯ ಧಾರಣೆ, ಹಾರುಬೂದಿಯ ದೂರು.
ಗುರುವಾರ ರಾತ್ರಿ ಮಾತ್ರ
ಆಫ್ರಿಕಾ.

ಎರಡು ಕಾಲಂ, ಆರು ಇಂಚು.
ಯಾರಾದರೂ ತೀರಿಕೊಂಡರೆ ನಾಲ್ಕು.
ದೊಡ್ಡವರು ತೀರಿಕೊಂಡರೆ
ಇಡೀ ಖಂಡವೇ ಮುಂದಿನ ವಾರಕ್ಕೆ.

ಸಂಪಾದಕ ವಿರುಪನಗೌಡರು ಕೆಟ್ಟವರಲ್ಲ.
"ಮೆಹರೂನ್, ಮಾನ್ವಿಗೆ ಹೋಗಾಕ ಬಸ್ ಚಾರ್ಜ್ ಕೊಡಾಕ ಆಗವಲ್ದು ನನಗ,
ನೀ ಮಾಲಿಗೆ ಹೊಂಟೀದಿ."
ನಾನು ಹೋಗಿಲ್ಲ ಎಲ್ಲಿಗೂ.
ಕೃಷ್ಣೆ ದಾಟಿದ್ದು ಮೂರು ಸಲ, ಮೂರೂ ಮದುವೆಗೆ.

ಔಗಡೂಗು, ವಗಡುಗು, ವಾಗದೂಗೂ.
ಮೂರನ್ನೂ ಬರೆದು ಬಾಯಲ್ಲಿ ಹೊರಳಿಸುತ್ತೇನೆ
ಹುಣಸೆ ಬೀಜದ ಹಾಗೆ,
ಹಲ್ಲಿಗೆ ತಾಗದೆ ಉರುಳಿದ್ದು ಅಚ್ಚಿಗೆ.
ಹುಣಸೆಯ ತವರೂ ಅಲ್ಲೇ ಅಂತೆ, ಜೋಳದ್ದೂ.
ಒಮ್ಮೆ ಅದನ್ನೇ ಬರೆದಿದ್ದೆ.
ಅತ್ತೆ ರೊಟ್ಟಿ ತಟ್ಟುತ್ತಲೇ ಕೇಳಿದಳು,
"ಅವರ ಕಡಿ ಯಾರು ತಟ್ಟತಾರ?"

ಗೆದ್ದ ಅಧ್ಯಕ್ಷ, ಗೆದ್ದೆನೆಂದ ಅಧ್ಯಕ್ಷ,
ಬೆಳಗಿನ ಜಾವ ಟಿವಿಯೊಳಗೆ ಬಂದು ಕೂತ ಕರ್ನಲ್,
ಲೂಟಿಯಾದ ಕಂಚಿನ ತಲೆಗಳು
ಮೊಮ್ಮಕ್ಕಳ ಕಾಲಕ್ಕೆ ಪೆಟ್ಟಿಗೆಯಲ್ಲಿ ಮನೆಗೆ ಮರಳಿದ್ದು,
ಎಣ್ಣೆ ಡಬ್ಬಿ ಕತ್ತರಿಸಿ ಮುಖವಾಡ ಮಾಡುವ ಒಬ್ಬಾಕೆ.
ಫೋಟೋಕ್ಕೆ ಜಾಗವಿರಲಿಲ್ಲ, ಮಾತಲ್ಲೇ ತೋರಿಸಿದೆ:
ಹಿಡಿಕೆಯೇ ಮೂಗು,
ಎಣ್ಣೆ ಸುರಿಯುವ ಕಂಡಿ ಬಾಯಿ.

ಆ ಗುರುವಾರ ಶೀರ್ಷಿಕೆ ಕೊಟ್ಟವನು ಹೊಸ ಹುಡುಗ ಭೀಮಾಶಂಕರ:
‘ಕಗ್ಗತ್ತಲ ಖಂಡದಲ್ಲಿ ಮತ್ತೆ ಗುಂಡಿನ ಸದ್ದು’.
ಬದಲಿಸು ಅಂದೆ.
"ಯಾಕ್ರೀ ಮೇಡಂ, ಎಲ್ಲಾರೂ ಹಂಗ ಬರೀತಾರಲ್ಲ."
ಕರೆಂಟು ಹೋಯಿತು.

ಅತ್ತ ಶಕ್ತಿನಗರದ ಚಿಮಣಿಗಳು
ನಾಡಿಗೆಲ್ಲ ಬೆಳಕು ಬೇಯಿಸುತ್ತಿದ್ದವು.
ತೀನ್ ಕಂದೀಲಿನಲ್ಲಿ ಒಂದೂ ಕಂದೀಲಿಲ್ಲ.
ಕೆಳಗೆ ಬಳೆಯವನು ಮೊಬೈಲು ಬಾಯಲ್ಲಿ ಕಚ್ಚಿ
ಆ ಬೆಳಕಲ್ಲಿ ಶಟರ್ ಎಳೆಯುತ್ತಿದ್ದ.
ನಾನೇನೂ ಹೇಳಲಿಲ್ಲ.
ಬಹಳ ಹೊತ್ತಿನ ಮೇಲೆ ಕತ್ತಲಲ್ಲಿ ಹುಡುಗ ನಕ್ಕದ್ದು ಕೇಳಿಸಿತು.
ಕರೆಂಟು ಬಂದಾಗ
ಆ ಪದ ಅಳಿಸಿದ್ದೂ ಅವನೇ.

ಸುದ್ದಿ ಇಷ್ಟೇ: ಚಿನ್ನದ ಗಣಿ, ಕೂಲಿಯ ಜಗಳ,
ಪೊಲೀಸರು, ಸತ್ತವರ ಸಂಖ್ಯೆ.

ಒಂಬತ್ತನೆಯ ದಿನ ಹಟ್ಟಿಯಿಂದ ಒಂದು ಕಾರ್ಡು.
ಯಂಕೋಬ, ಚಿನ್ನದ ಗಣಿ, ಈಗ ರಿಟೈರು.
"ಅಕ್ಕಾರಿಗೆ ಶರಣು. ಸತ್ತೋರು ಯಾವ ಶಿಫ್ಟಿನೋರು
ನೀವು ಬರ್ದಿಲ್ಲ.
ಅವರ ಗಣಿ ಎಷ್ಟು ಅಡಿ? ಕೆಳಗ ಕಾವು ಎಷ್ಟು?
ಬುತ್ತಿ ಒಳಗ ಒಯ್ತಾರೋ, ಮ್ಯಾಲ ಬಂದು ಉಣ್ತಾರೋ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಇದನ್ನು.
ನಾನೂ.

ಅಲ್ಲಿನ ಸಂಘದ ಕಚೇರಿಯ ನಂಬರು ಹುಡುಕಿ ಹಚ್ಚಿದೆ.
ನನ್ನ ಇಂಗ್ಲಿಷಿಗೂ ಆತನ ಇಂಗ್ಲಿಷಿಗೂ ನಡುವೆ ಒಂದು ಸಮುದ್ರ.
ಅಡಿ ಹೇಳಿದ, ಕಾವು ಹೇಳಿದ.
ಬುತ್ತಿಯ ಮಾತಿಗೆ ಸುಮ್ಮನಾದ,
ಪಕ್ಕದಲ್ಲಿ ಯಾರನ್ನೋ ಕೇಳಿದ, ಇಬ್ಬರೂ ನಕ್ಕರು.
ಒಳಗೇ ಉಣ್ಣುತ್ತೇವೆ, ಅಂದ,
ಇಲಿಗೊಂದು ತುತ್ತು ತೆಗೆದಿಟ್ಟು;
ಇಲಿ ಓಡಿತೆಂದರೆ ನಾವೂ ಓಡಬೇಕಲ್ಲ.

ಬರೆದು ಕೊಟ್ಟೆ.
ಆ ಶುಕ್ರವಾರ ದೊಡ್ಡವರು ಯಾರೋ ತೀರಿಕೊಂಡರು.

ಅಂಚೆ ಕಾರ್ಡಿನ ಮೇಲೆ ಸಣ್ಣಗೆ ಎಲ್ಲವನ್ನೂ ಇಳಿಸಿದೆ,
ಆಳ, ಕಾವು, ಇಲಿ.
ಕೆಳಗಿನ ಮೂಲೆಯಲ್ಲಿ ಅರ್ಧ ಇಂಚು ಉಳಿಯಿತು.
ಶಿಫ್ಟು ಇನ್ನೂ ಗೊತ್ತಾಗಿಲ್ಲ ಯಂಕೋಬಣ್ಣ,
ಕೇಳುತ್ತಿದ್ದೇನೆ.